ನಾರ್ಮಲ್ ಎಂದು ಬರೆದಿದ್ದ ವರದಿ

ಬೈಕ್ ಅಪಘಾತದಲ್ಲಿ ಬಲಗೈಯ ಸ್ವಾಧೀನ ಕಳೆದುಕೊಂಡು 14 ತಿಂಗಳಾಗಿದ್ದ ಯುವಕನೊಬ್ಬನನ್ನು ಆತನ ತಂದೆತಾಯಿ ನಮ್ಮ ಪೇನ್ ಕ್ಲಿನಿಕ್ಕಿಗೆ ಕರೆತಂದಾಗ, ಆತನಿಗೆ ಸ್ಟಿಮ್ಯುಲೇಟರ್ (ಬೆನ್ನುಹುರಿಗೆ ಸಣ್ಣ ವಿದ್ಯುತ್ ಕೊಟ್ಟು ನೋವು ತಗ್ಗಿಸುವ ಸಾಧನ) ಅಳವಡಿಸಬಹುದು ಎಂಬ ತೀರ್ಮಾನಕ್ಕೆ ನಾನು ಮೊದಲ ಭೇಟಿಯಲ್ಲಿಯೇ ಬಂದುಬಿಟ್ಟೆ. ಬೆರಳುಗಳಿಗೆ ಸೂಜಿ ಚುಚ್ಚಿದರೂ ಆತನಿಗೆ ತಿಳಿಯುತ್ತಿರಲಿಲ್ಲ. ಆದರೆ ಅದೇ ಬೆರಳುಗಳು ಹಗಲೂ ರಾತ್ರಿ ಕೆಂಡದ ಮೇಲಿಟ್ಟಂತೆ ಉರಿಯುತ್ತಿದ್ದವು, ನಡುನಡುವೆ ಕರೆಂಟ್ ಹೊಡೆದಂತೆ ಅಂಗೈಗೆ ಬಡಿಯುವ ನೋವು ಆತನ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಿತ್ತು. ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಡ್ಯುಲೋಕ್ಸೆಟಿನ್, ಟ್ರಮಡಾಲ್ ಔಷಧಿಗಳೆಲ್ಲ ಒಂದಾದ ಮೇಲೊಂದರಂತೆ ಮುಗಿದಿದ್ದವು. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯುವ ವಿಎಎಸ್ ಮಾತ್ರ 8ರಿಂದ ಇಳಿದಿರಲಿಲ್ಲ.

ಫೈಲಿನಲ್ಲಿದ್ದ, ನರಗಳ ವಿದ್ಯುತ್ ಸಂಕೇತ ಅಳೆಯುವ ನರ್ವ್ ಕಂಡಕ್ಷನ್ ವರದಿಯಲ್ಲಿ ಕೈಯ ಮೀಡಿಯನ್ ಮತ್ತು ಅಲ್ನಾರ್ ನರಗಳ ಮೋಟಾರ್ (ಚಲನೆಯ) ಸಂಕೇತ ಎರಡೂ ಅಬ್ಸೆಂಟ್, ಸೆನ್ಸರಿ (ಸಂವೇದನೆಯ) ಎರಡೂ ನಾರ್ಮಲ್ ಎಂದಿತ್ತು. ಆ ‘ನಾರ್ಮಲ್’ ನನಗೆ ಶುಭಸೂಚನೆಯಾಗಿ ಕಂಡಿತು. ಸಂವೇದನೆಯ ನರವಾದರೂ ಉಳಿದಿದೆ, ಅಂದರೆ ಪ್ರಚೋದಿಸಲು ಏನೋ ಇದೆ ಎಂದುಕೊಂಡೆ. ಎಮ್‌ಆರ್‌ಐ ಅಪಘಾತವಾದ ವಾರದಲ್ಲಿ ಬೇರೆ ಕಡೆ ಮಾಡಿಸಿದ್ದು. ಅದನ್ನು ಮತ್ತೊಮ್ಮೆ ಮಾಡಿಸಬೇಕೆಂದು ನನಗೆ ಅನ್ನಿಸಲಿಲ್ಲ. ಹೊರಡುವಾಗ ತಾಯಿ, “ಆಕ್ಸಿಡೆಂಟ್ ಆದಾಗಿನಿಂದ ಇವನ ಬಲಗಣ್ಣು ಸಣ್ಣದಾದ ಹಾಗೆ ಕಾಣುತ್ತೆ, ಡಾಕ್ಟ್ರೇ,” ಎಂದರು. “ನಿದ್ದೆ ಇಲ್ಲದೆ ಹಾಗೆ ಕಾಣುತ್ತದಮ್ಮ,” ಎಂದು ನಾನು ಉತ್ತರಿಸಿದೆ. ಟಾರ್ಚ್ ನನ್ನ ಕೋಟಿನ ಜೇಬಿನಲ್ಲಿಯೇ ಇತ್ತು.

1965ರಲ್ಲಿ ಮೆಲ್ಝ್ಯಾಕ್ ಮತ್ತು ವಾಲ್ ಮುಂದಿಟ್ಟ, ಸ್ಪರ್ಶದ ಸಂಕೇತ ಬೆನ್ನುಹುರಿಯಲ್ಲಿ ನೋವಿನ ಸಂಕೇತವನ್ನು ತಡೆಯಬಲ್ಲದು ಎನ್ನುವ ಗೇಟ್ ಸಿದ್ಧಾಂತವನ್ನೂ, ಎರಡೇ ವರ್ಷಗಳಲ್ಲಿ ಶೀಲಿ ಬೆನ್ನುಹುರಿಯ ಮೇಲೆ ಮೊದಲ ಎಲೆಕ್ಟ್ರೋಡ್ ಇರಿಸಿದ್ದನ್ನೂ ಓದಿಯೇ ಈ ಶಾಖೆಗೆ ಬಂದವನು ನಾನು. ಈ ಚಿಕಿತ್ಸೆಯ ಮೇಲೆ ನನಗಿದ್ದ ನಂಬಿಕೆ ಇಂದಿಗೂ ಹೋಗಿಲ್ಲ. ಆದರೆ ಅಂದು ಆ ತಂದೆಗೆ ನಾನು ಹೇಳಿದ ಅಂಕಿ 2007ರಲ್ಲಿ ಪ್ರಕಟವಾದ ಪ್ರೋಸೆಸ್ ಅಧ್ಯಯನದ್ದು. ಅದರಲ್ಲಿ ಸ್ಟಿಮ್ಯುಲೇಟರ್ ಪಡೆದ ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ಆರು ತಿಂಗಳಲ್ಲಿ ನೋವು ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿದಿತ್ತು ಎಂಬುದು ನಿಜ. ಆದರೆ ಅವರೆಲ್ಲ ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರವೂ ಕಾಲುನೋವು ಉಳಿದವರು, ಭುಜದ ನರಜಾಲ ಹರಿದವರಲ್ಲ. ತಂದೆ ಆ ಅಂಕಿಯನ್ನು ನಂಬಿ ಅಡಿಕೆ ತೋಟದ ಪತ್ರಗಳನ್ನು ಸೊಸೈಟಿಯಲ್ಲಿ ಒತ್ತೆ ಇಟ್ಟರು. ಮ್ಯಾನೇಜ್‌ಮೆಂಟಿನ ಚೆಕ್‌ಲಿಸ್ಟಿನಲ್ಲಿ ಸೈಕಾಲಜಿ ಕ್ಲಿಯರೆನ್ಸ್, ಶುಗರ್, ಕೋಯಾಗ್ಯುಲೇಷನ್, ವಿಮೆಯ ಪ್ರೀ-ಆಥ್ (ಮುಂಚಿತ ಒಪ್ಪಿಗೆ), ಮುಂಗಡ ಎಲ್ಲಕ್ಕೂ ಚೌಕಗಳಿದ್ದವು. ನರ ಎಲ್ಲಿ ಹರಿದಿದೆ ಎಂದು ಕೇಳುವ ಚೌಕ ಮಾತ್ರ ಇರಲಿಲ್ಲ.

ಸಾಧನವನ್ನು ಕಾಯಂ ಅಳವಡಿಸುವ ಮೊದಲು ತಾತ್ಕಾಲಿಕವಾಗಿ ಪರೀಕ್ಷಿಸುವ ಟ್ರಯಲ್ ದಿನ ಬೆಳಿಗ್ಗೆ ಮೊದಲ ಕೇಸ್ ಆತನದೇ. ಮಗ್ಗುಲು ಬದಲಿಸದೆ ಬೋರಲು ಮಲಗಿದ್ದ ಆತನಿಗೆ ಲೋಕಲ್ ಅರಿವಳಿಕೆ ಮಾತ್ರ ಕೊಟ್ಟು, ಎದೆಯ ಮೇಲ್ಭಾಗದ ಮಟ್ಟದಲ್ಲಿ ಟೂಯಿ ಸೂಜಿ ಇಳಿಸಿ, ಸಿ-ಆರ್ಮ್ ಎಕ್ಸ್-ರೇ ಅಡಿಯಲ್ಲಿ ಲೀಡನ್ನು (ಎಲೆಕ್ಟ್ರೋಡುಗಳಿರುವ ತಂತಿಯನ್ನು) ಕುತ್ತಿಗೆಯ ಸಿ4 ಮೂಳೆಯ ಮಟ್ಟದವರೆಗೆ ಏರಿಸಿದೆ. ಲೀಡ್ ಎಲ್ಲಿಯೂ ತಡೆಯದೆ ಏರಿತು, ಇಂಪಿಡೆನ್ಸ್ (ವಿದ್ಯುತ್ ತಡೆ) ಸರಿಯಿತ್ತು. ಕಂಪನಿಯ ಎಂಜಿನಿಯರ್ ಪ್ರೋಗ್ರಾಮರ್ ಹಿಡಿದು ಆಂಪ್ಲಿಟ್ಯೂಡ್ (ವಿದ್ಯುತ್ತಿನ ಪ್ರಮಾಣ) ಏರಿಸತೊಡಗಿದರು. ನೋಯುವ ಜಾಗದಲ್ಲಿಯೇ ಜುಮ್ ಎನ್ನಬೇಕಿತ್ತು.

“ಎಲ್ಲಿ ಜುಮ್ ಅನ್ನುತ್ತಿದೆ?”

“ಕುತ್ತಿಗೇಲಿ, ಸಾರ್.”

ಲೀಡಿನ ಕಾಂಟ್ಯಾಕ್ಟ್ (ವಿದ್ಯುತ್ ಹೊಮ್ಮುವ ಬಿಂದು) ಬದಲಿಸಿದೆವು. ಭುಜದ ಮೇಲೆ ಎಂದ. ಲೀಡನ್ನು ಬಲಕ್ಕೆ ಸರಿಸಿದೆ, ಕಾಲಿನಲ್ಲಿ ಎಂದ. ಸ್ವಲ್ಪ ಕೆಳಗೆಳೆದೆ, ಎಡಗೈಯಲ್ಲಿ ಎಂದ. ಗೋಡೆಯ ಗಡಿಯಾರದಲ್ಲಿ 40 ನಿಮಿಷ ಕಳೆದಿತ್ತು, ಸೀಸದ ಏಪ್ರನ್ ಒಳಗೆ ನನ್ನ ಅಂಗಿ ಒದ್ದೆಯಾಗಿತ್ತು. ನೋಯುತ್ತಿದ್ದ ಕೈಯನ್ನು ಬಿಟ್ಟು ಉಳಿದೆಲ್ಲ ಕಡೆ ಜುಮ್ಮೆನ್ನುವುದನ್ನು ಕೇಳುತ್ತಾ, ತಪ್ಪು ಲೀಡಿನ ಜಾಗದಲ್ಲಿದೆಯೆಂದೇ ನಾನು ನಂಬಿ ಮತ್ತೆ ಮತ್ತೆ ಅದನ್ನು ಸರಿಸುತ್ತಿದ್ದೆ. ನನ್ನ ದನಿಯಲ್ಲಿ ಅಸಹನೆ ಬಂದಿರಬೇಕು. ಆತ ಒಮ್ಮೆಲೇ, “ಬಂತು ಸಾರ್, ಬಲಗೈಗೆ ಸ್ವಲ್ಪ ಬಂತು,” ಎಂದ.

ಓಟಿಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಎಂಜಿನಿಯರ್ ಮಾತ್ರ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮುಂದಿನ ಕಾಂಟ್ಯಾಕ್ಟ್ ಆರಿಸಲು ಅವರು ಆಂಪ್ಲಿಟ್ಯೂಡನ್ನು ಸೊನ್ನೆಗೆ ತಂದಿದ್ದರು. ಆ ಕ್ಷಣದಲ್ಲಿ ಲೀಡಿನಲ್ಲಿ ವಿದ್ಯುತ್ತೇ ಇರಲಿಲ್ಲ. ಆತ ಸುಳ್ಳು ಹೇಳಿದನೆಂದು ನಾನು ಎಂದಿಗೂ ಭಾವಿಸಲಾರೆ. ತೋಟ ಒತ್ತೆ ಇಟ್ಟು ಮೇಜಿನ ಮೇಲೆ ಮಲಗಿರುವ ಮನುಷ್ಯನನ್ನು ಹತ್ತು ಬಾರಿ ಒಂದೇ ಪ್ರಶ್ನೆ ಕೇಳಿದರೆ ಆತನ ಆಸೆಯೇ ಉತ್ತರ ಕೊಡುತ್ತದೆ. ಅಲ್ಲಿಗೇ ನಿಲ್ಲಿಸುವ ಧೈರ್ಯ ನನಗೆ ಸಾಲಲಿಲ್ಲ. ಲೀಡನ್ನು ಹೊಲಿದು ಐದು ದಿನ ಬಿಟ್ಟೆ. ಐದೂ ದಿನ ವಿಎಎಸ್ 8.

ಲೀಡ್ ತೆಗೆದ ಮೇಲೆ ಫೈಲನ್ನು ಹಿರಿಯ ನ್ಯೂರೋಸರ್ಜನ್ ಒಬ್ಬರಿಗೆ ಒಯ್ದೆ. ಅವರು ಮೊದಲು ಕೇಳಿದ್ದು, “ಕೈಯಲ್ಲಿ ಸ್ಪರ್ಶ ಇದೆಯೇ?” ಎಂದು. ಇಲ್ಲವೆಂದೆ. “ಸ್ಪರ್ಶ ಇಲ್ಲದ ಕೈಯಲ್ಲಿ ಸೆನ್ಸರಿ ನರದ ಸಂಕೇತ, ಅಂದರೆ ಸ್ನ್ಯಾಪ್, ನಾರ್ಮಲ್ ಬಂದಿದ್ದರೆ ಏನರ್ಥ?” ಎಂದರು. ಉತ್ತರ ಪರೀಕ್ಷೆಗೆ ಓದಿದ್ದೇ ಆಗಿತ್ತು, ಬಾಯಿಗೆ ಬಂದಾಗ ಗಂಟಲು ಕಟ್ಟಿತು. ಸಂವೇದನೆಯ ನರಕೋಶಗಳು ನರಬೇರಿನ ಮೇಲಿನ ಗಂಟಾದ ಡಾರ್ಸಲ್ ರೂಟ್ ಗ್ಯಾಂಗ್ಲಿಯಾನ್‌ನಲ್ಲಿ, ಬೆನ್ನುಹುರಿಯ ಹೊರಗಿರುತ್ತವೆ. ಬೇರು ಗ್ಯಾಂಗ್ಲಿಯಾನಿಗೂ ಬೆನ್ನುಹುರಿಗೂ ನಡುವೆ ಕಿತ್ತುಬಂದರೆ, ಕೈಯ ಕಡೆಗಿನ ತಂತು ತನ್ನ ಕೋಶಕ್ಕೆ ಅಂಟಿಕೊಂಡೇ ಬದುಕಿರುತ್ತದೆ. ಹಾಗಾಗಿ ಯಂತ್ರ ನಾರ್ಮಲ್ ಎನ್ನುತ್ತದೆ. ಬೆನ್ನುಹುರಿಯೊಳಗೆ ಮೇಲೇರುವ ತಂತು ಕೋಶದಿಂದ ಬೇರ್ಪಟ್ಟು ಕ್ಷಯಿಸಿರುತ್ತದೆ. ನಾನು ಸಿ4ರಲ್ಲಿ ಹುಡುಕುತ್ತಿದ್ದುದು ಆ ಇಲ್ಲದ ತಂತುಗಳನ್ನೇ. ಗ್ಯಾಂಗ್ಲಿಯಾನಿನ ಆಚೆ ಹರಿದಿದ್ದರೆ ಮಾತು ಬೇರೆಯಿತ್ತು. ಅಂಥವರಿಗೆ ಸ್ಟಿಮ್ಯುಲೇಟರ್ ಯೋಚಿಸುವುದಕ್ಕೆ ಕಾರಣವಿದೆ. ಹೊಸ ಎಮ್‌ಆರ್‌ಐನಲ್ಲಿ ಸಿ7, ಸಿ8, ಟಿ1 ಮೂರೂ ನರಬೇರುಗಳಲ್ಲಿ ಸ್ಯೂಡೋಮೆನಿಂಗೋಸೀಲ್ (ಬೇರು ಕಿತ್ತ ಜಾಗದಲ್ಲಿ ಬೆನ್ನುಹುರಿಯ ದ್ರವ ತುಂಬಿದ ಚೀಲ) ಕಂಡಿತು. ಟಾರ್ಚ್ ಹಿಡಿದು ನೋಡಿದಾಗ ಬಲಗಣ್ಣಿನ ಪಾಪೆ ಕಿರಿದಾಗಿತ್ತು, ರೆಪ್ಪೆ ಇಳಿದಿತ್ತು. ಟಿ1 ಬೇರು ಕಿತ್ತಾಗ ಕಾಣುವ ಈ ಹಾರ್ನರ್ ಚಿಹ್ನೆಯನ್ನು ಆ ತಾಯಿ ನನಗಿಂತ ಮೊದಲೇ ಗುರುತಿಸಿದ್ದರು.

1970ರ ದಶಕದಲ್ಲಿ ನ್ಯಾಶೋಲ್ಡ್ ಆರಂಭಿಸಿದ ಡ್ರೆಜ್ ಶಸ್ತ್ರಚಿಕಿತ್ಸೆಯನ್ನು (ನರಬೇರು ಬೆನ್ನುಹುರಿ ಸೇರುವ ಜಾಗದ ನೋವಿನ ಕೋಶಗಳನ್ನು ಸುಡುವುದು) ಆ ಸರ್ಜನ್ನರೇ ಮಾಡಿದರು. ಕರೆಂಟ್ ಹೊಡೆತಗಳು ಬಹುಮಟ್ಟಿಗೆ ನಿಂತವು. ಉರಿ ಸ್ವಲ್ಪ ಉಳಿಯಿತು. ಕೆಲವು ವಾರ ಬಲಗಾಲಿನ ಹಿಡಿತ ತಪ್ಪುತ್ತಿತ್ತು, ಅದು ಸರಿಹೋಯಿತು. ಟ್ರಯಲ್ ಲೀಡಿನ ಬಿಲ್ ಮನ್ನಾ ಮಾಡುವಂತೆ ನಾನು ಮೂರು ಪತ್ರ ಬರೆದೆ. ಸೀಲ್ ಒಡೆದ ವಸ್ತುವಿಗೆ ವಾಪಸಿಲ್ಲ ಎಂಬ ಒಂದೇ ಸಾಲಿನ ಉತ್ತರ ಮೂರು ಬಾರಿಯೂ ಬಂತು. ಟ್ರಯಲ್ ವ್ಯರ್ಥವಾದದ್ದು ನನ್ನ ತಪ್ಪು ಓದಿನಿಂದ ಎಂದು ಆ ತಂದೆಯ ಎದುರು ಕುಳಿತು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ನಂತರ, “ಮೊದಲೇ ಗೊತ್ತಾಗಿದ್ದರೆ ಒಂದೇ ಆಪರೇಷನ್ನಿಗೆ ಆಗೋದು,” ಎಂದಷ್ಟೇ ಹೇಳಿದರು.

ಈಗ ನರದ ಪೆಟ್ಟಿನ ನೋವಿಗೆ ಸ್ಟಿಮ್ಯುಲೇಟರ್ ಹೆಸರೆತ್ತುವ ಮೊದಲು ಪಾಪೆ ನೋಡುತ್ತೇನೆ, ಬೆನ್ನಿನ ಕಡೆ ನಿಂತು ಭುಜದ ಹಲಗೆ ನೋಡುತ್ತೇನೆ, ಹೊಸ ಎಮ್‌ಆರ್‌ಐ ಮಾಡಿಸುತ್ತೇನೆ. ಐಪಿಜಿ (ಸ್ಟಿಮ್ಯುಲೇಟರಿನ ಬ್ಯಾಟರಿ ಪೆಟ್ಟಿಗೆ) ಒಳಗೆ ಕುಳಿತ ಮೇಲೆ ಎಮ್‌ಆರ್‌ಐಗೆ ನೂರು ನಿರ್ಬಂಧ. ಟ್ರಯಲ್ ನಡುವೆ ಎಂಜಿನಿಯರ್ ನನಗೂ ಹೇಳದೆ ಒಂದೆರಡು ಬಾರಿ ಆಫ್ ಮಾಡಿ ಕೇಳುತ್ತಾರೆ. ಚೆಕ್‌ಲಿಸ್ಟಿಗೆ ‘ಗ್ಯಾಂಗ್ಲಿಯಾನಿನ ಈಚೆಯೋ ಆಚೆಯೋ’ ಎಂಬ ಸಾಲು ಸೇರಿಸುವಂತೆ ಕೊಟ್ಟ ಅರ್ಜಿ ಇನ್ನೂ ಕ್ವಾಲಿಟಿ ಕಮಿಟಿಯಲ್ಲಿದೆ. ಅಲ್ಲಿಯವರೆಗೆ ಕೈಬರಹದ ಹಾಳೆಯೊಂದನ್ನು ಲಗತ್ತಿಸುತ್ತಿದ್ದೇನೆ. ವಿಮಾ ವಿಭಾಗದವರು ಅದನ್ನು ಅನಗತ್ಯ ಕಾಗದವೆಂದು ಎರಡು ಬಾರಿ ತೆಗೆದಿದ್ದಾರೆ, ನಾನು ಎರಡು ಬಾರಿಯೂ ಮತ್ತೆ ಬರೆದು ಇಟ್ಟಿದ್ದೇನೆ.