55 ಟನ್ನಿನ ತೋಪಿನ ಮುಂದೆ ನಮ್ಮ ಕಾಕಾ

ಬಾಗಲಕೋಟೆಯಿಂದ ವಿಜಯಪುರಕ್ಕೆ ಹೊರಟಿದ್ದು ಗೋಳಗುಮ್ಮಟ ನೋಡೋಕೆ. ಜತೆಗೆ ಕಾಕಾ. ಸೇನೆಯ ತೋಪಖಾನೆಯಲ್ಲಿ ಬೋಫೋರ್ಸ್ ತೋಪಿನ ಜತೆ ವರ್ಷಗಟ್ಟಲೆ ದುಡಿದು ಬಂದವರು. ಬಲಗಿವಿ ಅಲ್ಲೇ ಬಿಟ್ಟು ಬಂದಿದ್ದಾರೆ ಅಂತ ಮನೆಯಲ್ಲಿ ತಮಾಷೆ. ಅದಕ್ಕೇ ಬಸ್ಸಿನಲ್ಲಿ ನಾನು ಅವರ ಎಡಕ್ಕೆ ಕೂತೆ. ಕೋಲ್ಹಾರದಲ್ಲಿ ಮಣ್ಣಿನ ಗಡಿಗೆಯ ಮೊಸರು ಕೊಂಡಿದ್ದು ತಪ್ಪಾಯ್ತು, ಇಡೀ ದಿನ ಅದನ್ನು ಕೂಸಿನ ಹಾಗೆ ಹೊತ್ತು ತಿರುಗಬೇಕಾಯ್ತು.

ಗುಮ್ಮಟದ ಮೇಲೆ ಶಾಲೆ ಮಕ್ಕಳ ಚೀರಾಟ. ಕಾಕಾ ಐದೇ ನಿಮಿಷಕ್ಕೆ ಇಳಿದು, "ತೋಪ ಎಲ್ಲಿ ಐತಿ, ಅದನ್ನ ತೋರಸು" ಅಂದರು.

ಮಲಿಕ್-ಎ-ಮೈದಾನ್, ಅಂದರೆ ಮೈದಾನದ ಒಡೆಯ. ಈ ತೋಪು ಇರುವುದು ಊರಿನ ಪಶ್ಚಿಮ ಕೋಟೆಗೋಡೆಯ ಶೇರ್ಜಾ ಬುರುಜಿನ ಮೇಲೆ. ಸುಮಾರು 14 ಅಡಿ ಉದ್ದ, 55 ಟನ್ ತೂಕ ಅಂತಾರೆ. ಬಾಯಿಯೇ ಸಿಂಹದ ಮುಖ. ಬಗ್ಗಿ ನೋಡಿದರೆ ಹಲ್ಲಿನ ನಡುವೆ ಪುಟ್ಟ ಆನೆ ಸಿಕ್ಕಿ ಒದ್ದಾಡುತ್ತಿದೆ. ಒಳಗೆ ಒಬ್ಬ ಹುಡುಗ ಆರಾಮಾಗಿ ಕೂರಬಹುದು. ಕಾಕಾನ ಬೋಫೋರ್ಸ್ ಬಾಯಿ 155 ಮಿಲಿಮೀಟರ್, ಅಂದರೆ ಆರಿಂಚಿಗೆ ಚೂರು ಜಾಸ್ತಿ, ಅಷ್ಟೇ.

ಇದನ್ನು ಎರಕ ಹೊಯ್ದದ್ದು 1549ರಲ್ಲಿ, ಅಹ್ಮದ್‌ನಗರದಲ್ಲಿ. ಮಾಡಿದವನು ಮುಹಮ್ಮದ್ ಬಿನ್ ಹಸನ್ ರೂಮಿ. ರೂಮಿ ಅಂದರೆ ತುರ್ಕಿ ಕಡೆಯವನು ಅಂತ ಹೇಳಿದ್ದೇ ತಡ, ಕಾಕಾ ನಕ್ಕರು. "ಅಂದ್ರ ಆಗೂ ಹೊರಗಿನವರನ್ನ ಕರಸೂದ ಇತ್ತು ಅನ್ನು!" ಅವರ ತೋಪೂ ಸ್ವೀಡನ್ನಿನದು, 1986ರಲ್ಲಿ 410 ಕೊಳ್ಳೋಕೆ ಒಪ್ಪಂದ ಆಗಿತ್ತು. ಅದೇ ತಂತ್ರಜ್ಞಾನ ಹಿಡಿದು ಜಬಲ್ಪುರದಲ್ಲಿ ಈಗ ಧನುಷ್ ತೋಪು ತಯಾರಾಗುತ್ತದೆ.

ಆಮೇಲೆ ಇದು ಮಹಾರಾಷ್ಟ್ರದ ಪರಂಡಾ ಕೋಟೆಯಲ್ಲಿತ್ತು. ಅಲ್ಲಿಂದ ಇಲ್ಲಿಗೆ ತರೋಕೆ 10 ಆನೆ, 400 ಎತ್ತು ಬೇಕಾದವು ಅನ್ನೋ ಮಾತಿದೆ. ಕಾಕಾ ತೋಪಿನ ಸುತ್ತ ಒಂದು ಸುತ್ತು ಬಂದರು. "ತಂದ ಮ್ಯಾಲೆ ಮತ್ತ ಹೊರಳಸಾಕ ಆಗತೈತೇನು? ನಾವು ಹೊಡದ ಜಾಗಾದಾಗ ನಿಂತಿವಂದ್ರ ಮುಗೀತು. ಗುಂಡ ಎಲ್ಲಿಂದ ಬಂತಂತ ವೈರಿ ರಡಾರ ಹಿಡದ ಬಿಡತೈತಿ." ಅದಕ್ಕೇ ಬೋಫೋರ್ಸ್‌ಗೆ ತನ್ನದೇ ಪುಟ್ಟ ಎಂಜಿನ್ ಇದೆ, ಗುಂಡು ಹಾರಿಸಿ ತಾನೇ ಸರಿದುಕೊಳ್ಳುತ್ತದೆ. ಕೆ9 ವಜ್ರವಂತೂ ಟ್ಯಾಂಕಿನ ಹಾಗೆ ತಾನೇ ಓಡುವ ತೋಪು. ಅಮೆರಿಕದ ಎಂ777 ತೋಪಿನಲ್ಲಿ ಹಗುರ ಲೋಹ ಟೈಟಾನಿಯಂ ಇರೋದರಿಂದ ತೂಕ ನಾಲ್ಕು ಟನ್ ಚಿಲ್ಲರೆ ಮಾತ್ರ. ಚಿನೂಕ್ ಹೆಲಿಕಾಪ್ಟರ್ ಅದನ್ನು ಜೋತುಹಾಕಿಕೊಂಡು ಬೆಟ್ಟ ಹತ್ತಿಸುತ್ತದೆ. ನಮ್ಮ ಮೈದಾನದ ಒಡೆಯ ಮಾತ್ರ ಬುರುಜು ಬಿಟ್ಟು ಕದಲಲಿಲ್ಲ. 1854ರಲ್ಲಿ ಬ್ರಿಟಿಷರು ಹರಾಜಿಗಿಟ್ಟಾಗ ಬಂದದ್ದು ಬರೀ 150 ರೂಪಾಯಿ ಬೇಡಿಕೆ. ಮಾರಾಟ ಅಲ್ಲಿಗೇ ನಿಂತಿತು, ನಮ್ಮ ಪುಣ್ಯ.

2025ರ ಮಾರ್ಚ್‌ನಲ್ಲಿ 307 ಅಟಾಗ್ಸ್ ತೋಪುಗಳಿಗೆ ಒಪ್ಪಂದ ಆಗಿದೆ ಅಂತ ನಾನು ಓದಿದ್ದೆ. ಇಲ್ಲೇ ತಯಾರಾಗುವಂಥವು, ಪರೀಕ್ಷೆಯಲ್ಲಿ 48 ಕಿಲೋಮೀಟರ್ ಹೊಡೆದಿವೆ. ಹೇಳಿದಾಗ ಕಾಕಾ ದಕ್ಷಿಣಕ್ಕೆ ತಿರುಗಿ, "ಅಂದ್ರ ಇಲ್ಲಿಂದ ಹೆಚ್ಚೂ ಕಡಿಮಿ ಕೃಷ್ಣಾ ಹೊಳಿತನಕ" ಅಂತ ಕೈ ಚಾಚಿದರು. ಆಮೇಲೆ ಉಪಲಿ ಬುರುಜಿಗೂ ಹೋದೆವು. 80 ಅಡಿ ಎತ್ತರ, ಮೇಲೆ ಕಬ್ಬಿಣದ ಪಟ್ಟಿಗಳಿಗೆ ಬಳೆ ತೊಡಿಸಿ ಮಾಡಿದ 30 ಅಡಿ ಉದ್ದದ ತೋಪು. ಬಿಸಿಲು ಅಂದರೆ ಬಿಸಿಲು, ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಆದರೆ ಶೇರ್ಜಾ ಬುರುಜಿನಲ್ಲಿ ಕೇಳಿದ ಒಂದು ಕಥೆ ಕಾಕಾನ ತಲೆಯಲ್ಲಿ ಕೂತುಬಿಟ್ಟಿತ್ತು. ಬತ್ತಿಗೆ ಬೆಂಕಿ ಇಟ್ಟವನು ಕಿವಿ ಉಳಿಸಿಕೊಳ್ಳೋಕೆ ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದನಂತೆ. ವಾಪಸ್ ಬರುವಾಗ ಬಸ್ಸು ಕೃಷ್ಣೆಯ ಸೇತುವೆ ಹತ್ತಿದ ಮೇಲೆ, ಸುಮ್ನೆ ನೀರು ನೋಡುತ್ತಿದ್ದವರು ತಿರುಗಿ ಹೇಳಿದರು: "ನಮಗ ಹತ್ತಿ ಅಷ್ಟ ಕೊಟ್ಟಿದ್ರು ನೋಡು."