ಆ್ಯಡಿಸನ್ ಸ್ಟೇಷನ್ನಿನಲ್ಲಿ ಇಳಿದ ಮಧ್ಯಾಹ್ನ

ಡಿ ಮೊಯಿನ್‌ನಿಂದ ಶಿಕಾಗೊಗೆ ಕಾರಿನಲ್ಲಿ ಐದು ಗಂಟೆಯ ಹಾದಿ. ಐ-80 ಹೆದ್ದಾರಿಯ ಎರಡೂ ಬದಿ ಮೆಕ್ಕೆಜೋಳದ ಹೊಲಗಳು, ನಡುವೆ ಮಿಸಿಸಿಪ್ಪಿ ನದಿ, ಅದನ್ನು ದಾಟಿದರೆ ಇಲಿನಾಯ್. ನೋಡುವಂಥದ್ದು ಬೇರೇನೂ ಇಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಇಷ್ಟು ವರ್ಷ ಕಿವಿಯಲ್ಲೇ ನೋಡಿದ್ದ ಬೇಸ್‌ಬಾಲ್ ಮೈದಾನವನ್ನು ಈಗ ಕಣ್ಣಾರೆ ನೋಡಲು ಹೊರಟಿದ್ದೆ.

ಐಯೋವಾಕ್ಕೆ ಬಂದ ಹೊಸದರಲ್ಲಿ, 2016ರ ಏಪ್ರಿಲ್‌ನಲ್ಲಿ, ಸಂಜೆಯ ಹೊತ್ತು ಮನೆಯಲ್ಲಿ ಯಾವುದಾದರೂ ಒಂದು ದನಿ ಇರಲಿ ಎಂದು ರೇಡಿಯೊ ಹಾಕಿದೆ. ಶಿಕಾಗೊ ಕಬ್ಸ್ ಆಡುತ್ತಿದ್ದರು. ಬೇಸ್‌ಬಾಲ್‌ನ ವೀಕ್ಷಕ ವಿವರಣೆಯಲ್ಲಿ ಅವಸರವಿಲ್ಲ. ಪಿಚರ್, ಅಂದರೆ ಚೆಂಡೆಸೆಯುವವ, ಟೋಪಿ ಸರಿಮಾಡಿಕೊಂಡ ಎನ್ನುವುದನ್ನೂ ಹೇಳುತ್ತಾರೆ. ಋತುವಿಗೆ 162 ಪಂದ್ಯ, ಆರು ತಿಂಗಳು ಹೆಚ್ಚುಕಡಿಮೆ ದಿನಾ ಆಟ. ಅಡುಗೆ ಮಾಡುವಾಗ, ಪಾತ್ರೆ ತೊಳೆಯುವಾಗ ಜೊತೆಗೊಂದು ಸಂಸಾರವೇ ಇದ್ದಂತಾಯಿತು.

ಮೊದಲ ವರ್ಷವೇ ಅವರು ಗೆದ್ದರು. 1908ರ ನಂತರ ಒಂದೂ ವರ್ಲ್ಡ್ ಸಿರೀಸ್, ಅಂದರೆ ಋತುವಿನ ಕೊನೆಯ ಏಳು ಪಂದ್ಯಗಳ ಫೈನಲ್ ಸರಣಿ, ಗೆಲ್ಲದ ತಂಡ, ಮೂರು-ಒಂದರಿಂದ ಹಿಂದಿದ್ದು, ನವೆಂಬರ್ 2ರಂದು ಕ್ಲೀವ್‌ಲ್ಯಾಂಡಿನಲ್ಲಿ ಏಳನೇ ಪಂದ್ಯವನ್ನು ಹತ್ತನೇ ಇನ್ನಿಂಗ್ಸಿನಲ್ಲಿ 8-7ರಿಂದ ಗೆದ್ದಿತು. ಒಂಬತ್ತನೇ ಇನ್ನಿಂಗ್ಸ್ ಮುಗಿದ ಮೇಲೆ ಹದಿನೇಳು ನಿಮಿಷ ಮಳೆ. ಕೊನೆಯ ಚೆಂಡು ಹಿಡಿದ ಆ್ಯಂಥನಿ ರಿಝೊ ಅದನ್ನು ಪ್ಯಾಂಟಿನ ಹಿಂಜೇಬಿಗೆ ತುರುಕಿಕೊಂಡ. ನಾನು ಕುಣಿದೆ. ಮರುದಿನ ಆಫೀಸಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಮೇಜಿನ ಮುಂದೆ ಕೂತು ಸದ್ದಿಲ್ಲದೆ ಅಳುತ್ತಿದ್ದರು. ಗೆದ್ದಮೇಲೆ ಅಳುವುದೇಕೆ ಎಂಬುದು ನನಗೆ ತಿಳಿಯಲಿಲ್ಲ.

ತಿಳಿದದ್ದು 2021ರ ಜುಲೈ ಕೊನೆಯಲ್ಲಿ. ಆ ಗೆದ್ದ ತಂಡದ ರಿಝೊ, ಬ್ರಯಂಟ್, ಬಾಯೆಸ್ ಮೂವರೂ ಎರಡೇ ದಿನದೊಳಗೆ ಬೇರೆ ಬೇರೆ ತಂಡ ಸೇರಿದರು. ಅವತ್ತು ನನಗೆ ಊಟ ಸೇರಲಿಲ್ಲ. ಯಾರೂ ಸತ್ತಿಲ್ಲ, ನನ್ನದೇನೂ ಕಳೆದಿಲ್ಲ, ಆದರೂ ಎದೆಯಲ್ಲೊಂದು ಗಂಟು. ಆ ರಾತ್ರಿಯೂ ಪಂದ್ಯವಿತ್ತು, ರೇಡಿಯೊ ಹಾಕಿದೆ. ನಾನು ಕಬ್ಸ್ ಅಭಿಮಾನಿಯಾದದ್ದು ಗೆದ್ದ ವರ್ಷ ಅಲ್ಲ, ಆ ರಾತ್ರಿ ಎಂದೇ ಇವತ್ತಿಗೂ ಎಣಿಸುತ್ತೇನೆ.

ಕಾರನ್ನು ಹೋಟೆಲ್ಲಿನಲ್ಲೇ ಬಿಟ್ಟು ರೆಡ್ ಲೈನ್ ರೈಲು ಹತ್ತಿದೆ. ಸೆಪ್ಟೆಂಬರ್ ತಿಂಗಳ ಕೆಲಸದ ದಿನ, ಆಟ ಮಧ್ಯಾಹ್ನ 1.20ಕ್ಕೆ. ಪ್ರತಿ ಸ್ಟೇಷನ್ನಿನಲ್ಲೂ ನೀಲಿ ಟೋಪಿಗಳು ಹತ್ತಿಕೊಂಡವು. ಆ್ಯಡಿಸನ್ನಿನಲ್ಲಿ ಡಬ್ಬಿಗೆ ಡಬ್ಬಿಯೇ ಇಳಿದು ಒಂದೇ ದಿಕ್ಕಿಗೆ ನಡೆಯಿತು. ಮನೆಗಳ ಸಾಲಿನ ನಡುವೆ ತಟ್ಟನೆ ಕಬ್ಸ್ ತವರು ಮೈದಾನ ರಿಗ್ಲಿ ಫೀಲ್ಡ್. 1914ರಲ್ಲಿ ಕಟ್ಟಿದ್ದು. ಸುತ್ತ ವಾಹನ ನಿಲ್ಲಿಸುವ ಬಯಲಿಲ್ಲ. ಬೀದಿಯಾಚೆಯ ಮನೆಗಳ ತಾರಸಿ ಮೇಲೂ ಸೀಟುಗಳಿವೆ. 1988ರ ಆಗಸ್ಟ್‌ವರೆಗೆ ಇಲ್ಲಿ ದೀಪಗಳೇ ಇರಲಿಲ್ಲ, ಕಬ್ಸ್ ತವರಿನಲ್ಲಿ ಆಡುತ್ತಿದ್ದದ್ದು ಹಗಲಿನಲ್ಲಿ ಮಾತ್ರ.

ಹೊರಗಡೆ ಕಬ್ಸ್‌ನ ಹಳೆಯ ಆಟಗಾರ ಅರ್ನಿ ಬ್ಯಾಂಕ್ಸ್ ಪ್ರತಿಮೆಯ ಮುಂದೆ ಸ್ವಲ್ಪ ಹೊತ್ತು ನಿಂತೆ. 2,528 ಪಂದ್ಯ, 512 ಹೋಮ್ ರನ್, ಎಲ್ಲವೂ ಇದೇ ತಂಡಕ್ಕಾಗಿ. ಋತುವಿನ ಕೊನೆಗೆ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್‌ನಲ್ಲಿ ಒಂದೇ ಒಂದು ಪಂದ್ಯ ಆಡುವ ಯೋಗ ಬರಲಿಲ್ಲ. ತೀರಿಕೊಂಡದ್ದು 2015ರ ಜನವರಿಯಲ್ಲಿ. ಇನ್ನೆರಡು ವರ್ಷ ಬದುಕಿದ್ದರೆ ಎಂದು ಇಲ್ಲಿ ಯಾರಿಗಾದರೂ ಅನ್ನಿಸದೆ ಇರುತ್ತದೆಯೇ?

ಮೈದಾನದಂಚಿನ ಗೋಡೆಯ ಹಿಂದಿನ ತೆರೆದ ಸೀಟುಗಳೇ ಬ್ಲೀಚರ್ಸ್. ಅಲ್ಲಿ ಒರಗಲು ಬೆನ್ನಿಲ್ಲದ ಉದ್ದ ಬೆಂಚುಗಳು. ತಲೆಯ ಮೇಲೆ 1937ರ ಸ್ಕೋರ್‌ಬೋರ್ಡ್. ಒಳಗೆ ಕೂತವರು ಇವತ್ತಿಗೂ ಕೈಯಿಂದಲೇ ಅಂಕಿಯ ತಗಡು ಬದಲಿಸುತ್ತಾರೆ. ಕೆಳಗೆ ಇಟ್ಟಿಗೆ ಗೋಡೆ ತುಂಬ ಹಬ್ಬಿದ ಐವಿ ಬಳ್ಳಿ. ಚೆಂಡು ಆ ಎಲೆಗಳೊಳಗೆ ಸಿಕ್ಕಿಕೊಂಡರೆ ಔಟ್‌ಫೀಲ್ಡರ್ ಎರಡೂ ಕೈ ಮೇಲೆತ್ತಿ ನಿಂತುಬಿಡಬೇಕು, ಬ್ಯಾಟರ್‌ಗೆ ಎರಡು ಬೇಸ್, ಅಂದರೆ ಓಟದ ಹಾದಿಯ ಎರಡು ತಂಗುದಾಣ. ರೇಡಿಯೊದಲ್ಲಿ ಎಷ್ಟೋ ಸಲ ಕೇಳಿದ್ದೆ. ಮೂರನೇ ಇನ್ನಿಂಗ್ಸಿನಲ್ಲಿ ಕಣ್ಣೆದುರೇ ಅದು ನಡೆದಾಗ ನನ್ನ ಕೈಯೂ ತಾನಾಗಿ ಮೇಲೆದ್ದಿತ್ತು.

ಪಕ್ಕದಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು, ತೊಡೆಯ ಮೇಲೆ ಸ್ಕೋರ್ ಪುಸ್ತಕ. ಪ್ರತಿ ಬ್ಯಾಟರ್‌ಗೆ ಒಂದು ಚೌಕ, ಚೌಕದೊಳಗೆ ಸಣ್ಣದೊಂದು ವಜ್ರಾಕೃತಿ. ಪ್ರತಿ ಫೀಲ್ಡರನ ಜಾಗಕ್ಕೂ ಒಂದು ಅಂಕಿ. ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಚೆಂಡನ್ನು ಎರಡನೇ ಬೇಸಿಗೂ ಅಲ್ಲಿಂದ ಮೊದಲನೇ ಬೇಸಿಗೂ ದಾಟಿಸಿ ಇಬ್ಬರನ್ನು ಔಟ್ ಮಾಡಿದರೆ 6-4-3. ಬ್ಯಾಟ್ ಬೀಸಿ ಸ್ಟ್ರೈಕ್ ಔಟ್ ಆದರೆ ಇಂಗ್ಲಿಷಿನ ಕೆ ಅಕ್ಷರ, ಬೀಸದೆ ನಿಂತೇ ಔಟ್ ಆದರೆ ಅದೇ ಕೆ ತಿರುಗುಮುರುಗು. ಪೆನ್ಸಿಲ್ ಮೊಂಡಾದಾಗ ಕೈಚೀಲದಿಂದ ಪುಟ್ಟ ಮೆಂಡರ್ ತೆಗೆದು, ಪಿಚರ್ ಮುಂದಿನ ಚೆಂಡಿಗೆ ಅಣಿಯಾಗುವಷ್ಟರಲ್ಲಿ ಚೂಪು ಮಾಡಿ ಮುಗಿಸುತ್ತಿದ್ದರು.

“ನಮ್ಮಪ್ಪ ಕಲಿಸಿದ್ದು,” ಎಂದರು. ಅಪ್ಪನ ಹಳೆಯ ಪುಸ್ತಕಗಳೆಲ್ಲ ಅವರ ಮನೆಯಲ್ಲೇ ಇವೆಯಂತೆ. 1969ರದೂ ಇದೆ. ಆ ವರ್ಷ ಕಬ್ಸ್ ಹೆಚ್ಚುಕಡಿಮೆ ಇಡೀ ಋತು ಮುಂದಿದ್ದು ಸೆಪ್ಟೆಂಬರ್‌ನಲ್ಲಿ ಕುಸಿದು ನ್ಯೂಯಾರ್ಕಿನ ಮೆಟ್ಸ್ ತಂಡಕ್ಕೆ ಜಾಗ ಬಿಟ್ಟುಕೊಟ್ಟರು. “ಆ ತಿಂಗಳ ಹಾಳೆಗಳಲ್ಲಿ ಪೆನ್ಸಿಲ್ ಎಷ್ಟು ಒತ್ತಿದ್ದಾರೆ ಅಂದರೆ ಕಾಗದ ಹರಿದಿದೆ. ಆದರೂ ಒಂದು ಚೌಕ ಖಾಲಿ ಬಿಟ್ಟಿಲ್ಲ ನೋಡಿ.”

2016ರಲ್ಲಿ ಜನ ಈ ಮೈದಾನದ ಹೊರಗೋಡೆಯ ಮೇಲೆ, ಗೆಲುವು ನೋಡದೆ ಹೋದ ತಮ್ಮವರ ಹೆಸರುಗಳನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು. ನಾನು ಚಿತ್ರಗಳಲ್ಲಷ್ಟೇ ನೋಡಿದ್ದೆ. ಇವರು ವೇವ್‌ಲ್ಯಾಂಡ್ ಬೀದಿಯ ಬದಿಗೆ ಅಪ್ಪನ ಹೆಸರು ಬರೆದಿದ್ದರಂತೆ. ಕೈಗೆಟುಕುವ ಇಟ್ಟಿಗೆಯೆಲ್ಲ ತುಂಬಿಹೋಗಿತ್ತು. ಗುರುತಿಲ್ಲದ ಹುಡುಗನೊಬ್ಬ ಇವರ ಕೈಯಿಂದ ಸುಣ್ಣ ತೆಗೆದುಕೊಂಡು, ಗೆಳೆಯನ ಹೆಗಲೇರಿ, ಅಕ್ಷರ ಅಕ್ಷರ ಕೇಳಿಕೊಂಡು ಬರೆದನಂತೆ. ಆಫೀಸಿನ ಆ ಹಿರಿಯರ ನೆನಪಾಯಿತು. ಅವರನ್ನು ಕೇಳಬೇಕಿತ್ತು, ಯಾರಿಗಾಗಿ ಎಂದು.

ಏಳನೇ ಇನ್ನಿಂಗ್ಸಿನ ನಡುವೆ, ಇಲ್ಲಿಯ ವಾಡಿಕೆಯಂತೆ, ಎಲ್ಲರೂ ಎದ್ದು ಹಾಡಿದರು, ನಾನೂ ಹಾಡಿದೆ. ಅಷ್ಟು ಜನರ ದನಿಯಲ್ಲಿ ನನ್ನದು ನನಗೇ ಕೇಳಿಸಲಿಲ್ಲ. ಅದರ ಹಿತವೇ ಬೇರೆ.

ಒಂಬತ್ತನೆಯದರಲ್ಲಿ ಒಂದೇ ರನ್ ಹಿಂದೆ, ಇಬ್ಬರು ಔಟ್, ಎರಡನೇ ಬೇಸಿನಲ್ಲೊಬ್ಬ. ಕೂತವರು ಯಾರೂ ಇಲ್ಲ. ಚೆಂಡು ಬ್ಯಾಟಿಗೆ ತಗುಲಿದ ಸದ್ದಿಗೇ ಮೈ ಜುಮ್ಮೆಂದಿತು. ಅದು ಮೇಲೇರಿ ನೇರ ನಮ್ಮ ಕಡೆಗೇ ಬಂತು. ಆಕೆ ನನ್ನ ತೋಳು ಹಿಡಿದುಕೊಂಡರು. ಸೆಂಟರ್ ಫೀಲ್ಡರ್ ಹಿಂದೆ ಹಿಂದೆ ಬಂದು, ಬೆನ್ನು ಬಳ್ಳಿಗೆ ತಾಗಿಸಿ, ಹಿಡಿದ.

ಸದ್ದೆಲ್ಲ ಒಮ್ಮೆಗೇ ಅಡಗಿತು. ಅವರು ತೋಳು ಬಿಟ್ಟು ಪುಸ್ತಕ, ಪೆನ್ಸಿಲ್ ನನ್ನ ಕೈಗಿಟ್ಟರು. “ಇದನ್ನು ನೀವೇ ಬರೀರಿ.” ಕೊನೆಯ ಚೌಕದಲ್ಲಿ ಎಫ್8, ಅಂದರೆ ಎತ್ತರಕ್ಕೆ ಹೋದ ಚೆಂಡನ್ನು ಸೆಂಟರ್ ಫೀಲ್ಡರ್ ಹಿಡಿದ ಎಂದು ಬರೆದೆ. ಕೈ ನಡುಗುತ್ತಿತ್ತು.

ಗೆದ್ದ ದಿನ ಸ್ಕೋರ್‌ಬೋರ್ಡಿನ ಮೇಲೆ ಡಬ್ಲ್ಯೂ ಅಕ್ಷರದ ಬಿಳಿ ಬಾವುಟ, ಸೋತ ದಿನ ಎಲ್ ಅಕ್ಷರದ ನೀಲಿ ಬಾವುಟ. ಆ್ಯಡಿಸನ್ ಪ್ಲಾಟ್‌ಫಾರ್ಮಿನಿಂದಲೂ ನೀಲಿ ಕಾಣುತ್ತಿತ್ತು. ಎದುರಿನ ರೈಲೊಂದು ಬಂದು ನಿಂತಿತು. ಕಿಟಕಿಯ ಬಳಿ, ಕೆಲಸ ಮುಗಿಸಿ ಬರುತ್ತಿದ್ದ ಸಮವಸ್ತ್ರದ ಮನುಷ್ಯನೊಬ್ಬ ಕತ್ತು ಚಾಚಿ ಬಾವುಟ ಹುಡುಕಿದ. ಕಂಡಿತು. ಮುಖ ಇಳಿಯಿತು. ತಿರುಗಿದಾಗ ನನ್ನ ನೀಲಿ ಟೋಪಿ ಕಂಡು ಎದೆಯ ಮೇಲೆ ಕೈಯಿಟ್ಟ. ರೈಲು ಕದಲುವ ಮುಂಚೆ ನಾನೂ ಇಟ್ಟೆ.