ಫೌಸ್ಟಾ ಸಿಕ್ಕ ದಿನ

ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನನ ಮನೆಯವರನ್ನೆಲ್ಲ ಕಂಚಿನ ನಾಣ್ಯಗಳಲ್ಲಿ ಒಟ್ಟು ಸೇರಿಸಬೇಕು ಅನ್ನುವುದು ನನ್ನ ಬಹುದಿನದ ಆಸೆ. ತಾಯಿ ಹೆಲೆನಾ, ಹಿರಿಯ ಮಗ ಕ್ರಿಸ್ಪಸ್, ಆಮೇಲಿನ ಮಕ್ಕಳಾದ ಎರಡನೇ ಕಾನ್‌ಸ್ಟಂಟೈನ್, ಎರಡನೇ ಕಾನ್‌ಸ್ಟಾಂಶಿಯಸ್, ಕಾನ್‌ಸ್ಟಾನ್ಸ್ ಎಲ್ಲರೂ ಸಿಕ್ಕಿದ್ದರು. ಹೆಂಡತಿ ಫೌಸ್ಟಾ ಮಾತ್ರ ಸಿಕ್ಕಿರಲಿಲ್ಲ.

ಅವಳನ್ನು ಹುಡುಕಿಕೊಂಡೇ ಜುಲೈನಲ್ಲಿ ಇಂಗ್ಲೆಂಡಿನ ಯಾರ್ಕ್ ರೇಸ್‌ಕೋರ್ಸ್‌ನ ನಾಣ್ಯ ಮೇಳಕ್ಕೆ ಹೋದೆ. ಮೈಸೂರಿಂದ ಬಂದಿದ್ದ ಅಮ್ಮನೂ ಜೊತೆಗಿದ್ದಳು. ಕ್ರಿ.ಶ. 306ರಲ್ಲಿ ಕಾನ್‌ಸ್ಟಂಟೈನನ ಅಪ್ಪ ತೀರಿಕೊಂಡದ್ದು ಇದೇ ಯಾರ್ಕ್‌ನಲ್ಲಿ. ಸೈನಿಕರು ಮಗನನ್ನು ಚಕ್ರವರ್ತಿ ಎಂದು ಕೂಗಿದ್ದೂ ಇಲ್ಲೇ. ಆ ಮನೆಯ ಸೊಸೆಯನ್ನು ಹುಡುಕಲು ಇದಕ್ಕಿಂತ ಒಳ್ಳೆಯ ಊರು ಬೇಕಾ?

ಕಾನ್‌ಸ್ಟಂಟೈನನ ಸಾಮಾನ್ಯ ಕಂಚಿನ ನಾಣ್ಯ ಹತ್ತಿಪ್ಪತ್ತು ಪೌಂಡಿಗೆ ಸಿಗುತ್ತದೆ. ಫೌಸ್ಟಾಳದು ಅದರ ಹಲವು ಪಟ್ಟು. ಅವಳ ಹೆಸರಲ್ಲಿ ನಾಣ್ಯ ಹೊಡೆದದ್ದೇ ಕಮ್ಮಿ ಕಾಲ. ಟೇಬಲ್‌ನಿಂದ ಟೇಬಲ್‌ಗೆ ಸುತ್ತಿ ಸುತ್ತಿ, ಕೊನೆಗೆ ಮೂಲೆಯಲ್ಲಿ ಕೂತಿದ್ದ ಒಬ್ಬ ವಯಸ್ಸಾದ ವ್ಯಾಪಾರಿಯ ಹತ್ತಿರ ಸಿಕ್ಕಿತು. ಕಂದು ಬಣ್ಣ, ನಮ್ಮ ಈಚಿನ ಐವತ್ತು ಪೈಸೆಯಷ್ಟು ಅಗಲ, ತೂಕ ಸುಮಾರು 3 ಗ್ರಾಂ. ಒಂದು ಕಡೆ ಅಲೆಅಲೆಯಾಗಿ ಬಾಚಿ ಹಿಂದೆ ತುರುಬು ಕಟ್ಟಿದ ಹೆಣ್ಣಿನ ಮುಖ. ಇನ್ನೊಂದು ಕಡೆ ಎರಡು ಕೂಸುಗಳನ್ನು ಎತ್ತಿಕೊಂಡು ನಿಂತ ಹೆಂಗಸು. ಸುತ್ತ ‘ಸಾಲುಸ್ ರೈಪುಬ್ಲಿಕೆ’, ಅಂದರೆ ರಾಜ್ಯದ ಕ್ಷೇಮ.

ಅಮ್ಮ ಮಸೂರ ಇಸಕೊಂಡು ನೋಡಿದಳು. “ಎರಡೂ ಕೈಲಿ ಮಕ್ಕಳನ್ನ ಎತ್ಕೊಂಡಿದಾಳಲ್ಲೋ! ಯಾರೋ ಇವಳು?”

ಹೇಳಿದೆ. ಇವಳ ಅಪ್ಪ ಮ್ಯಾಕ್ಸಿಮಿಯನ್ ಅಳಿಯನ ವಿರುದ್ಧ ತಿರುಗಿಬಿದ್ದು 310ರಲ್ಲಿ ಸತ್ತ. ಅಣ್ಣ ಮ್ಯಾಕ್ಸೆಂಟಿಯಸ್ 312ರಲ್ಲಿ ಇವಳ ಗಂಡನ ಜೊತೆಗಿನ ಯುದ್ಧದಲ್ಲೇ ಸೋತು ಟೈಬರ್ ನದಿಯಲ್ಲಿ ಮುಳುಗಿದ. ಆದರೂ ಇವಳು ಆ ಮನೆಯಲ್ಲೇ ಬಾಳಿದಳು. 324ರಲ್ಲಿ ಅತ್ತೆ ಹೆಲೆನಾಗೂ ಇವಳಿಗೂ ‘ಆಗಸ್ಟಾ’ ಎಂಬ ಸಾಮ್ರಾಜ್ಞಿ ಪದವಿ ಬಂತು. ಈ ನಾಣ್ಯ ಆಗಿನದು. 326ರಲ್ಲಿ ಕಾನ್‌ಸ್ಟಂಟೈನ್ ಸ್ವಂತ ಮಗ ಕ್ರಿಸ್ಪಸ್‌ನನ್ನು ಪೋಲಾ ಎಂಬ ಊರಲ್ಲಿ ಕೊಲ್ಲಿಸಿದ. ಸ್ವಲ್ಪ ದಿನಕ್ಕೆ ಫೌಸ್ಟಾಳೂ ಹೋದಳು. ಕ್ರಿಸ್ಪಸ್‌ಗೆ ಮಲತಾಯಿಯಾದ ಇವಳು ಅವನ ಮೇಲೆ ಸುಳ್ಳು ದೂರು ಕೊಟ್ಟಳು, ಆಮೇಲೆ ಅವಳನ್ನು ಬಿಸಿನೀರಿನ ಸ್ನಾನದ ಮನೆಯಲ್ಲಿ ಕೂಡಿಹಾಕಿ ಸಾಯಿಸಿದರು ಅಂತೆಲ್ಲ ನಂತರದವರು ಬರೆದರು. ಕಣ್ಣಾರೆ ಕಂಡವರು ಬರೆದಿಟ್ಟದ್ದಲ್ಲ ಅದು.

ಇಬ್ಬರ ಹೆಸರನ್ನೂ ಕಲ್ಲಿನ ಶಾಸನಗಳಿಂದ ಕೆತ್ತಿ ಅಳಿಸಿದರು. ನನ್ನನ್ನು ಈ ಕಂಚಿಗೆ ಕಟ್ಟಿಹಾಕಿರುವುದು ಇದೇ. ಊರ ನಡುವೆ ನಿಂತ ಕಲ್ಲಿನ ಮೇಲೆ ಉಳಿ ಆಡಿಸಬಹುದು. ಸಂತೆಗೆ ಹೋದವಳ ಗಂಟಿನಲ್ಲಿದ್ದ ಚಿಲ್ಲರೆಯನ್ನು ಯಾರು ಹುಡುಕಿ ತೆಗೆಯುತ್ತಾರೆ? ಚಿನ್ನದ ನಾಣ್ಯ ಕಂಡರೆ ಜನ ಮುಗಿಬೀಳುತ್ತಾರೆ, ಸರಿ. ನನಗೆ ಮಾತ್ರ ಬಡವರ ಕೈಯಲ್ಲಿ ಸವೆದ ಈ ಕಾಸೇ ಜಾಸ್ತಿ ಇಷ್ಟ. ಅಳಿಸಬೇಕೆಂದವರನ್ನು ಉಳಿಸಿದ್ದು ಇದು.

ನಾಣ್ಯದ ಕೆಳಗಂಚಿನಲ್ಲಿ ಎಸ್, ಟಿ, ಆರ್ ಅಂತ ಮೂರು ಅಕ್ಷರ. ಟಿಆರ್ ಅಂದರೆ ಟ್ರಿಯರ್ ಟಂಕಸಾಲೆ, ಎಸ್ ಅಂದರೆ ಅಲ್ಲಿನ ಎರಡನೇ ವಿಭಾಗ. ಈಗ ಜರ್ಮನಿಯಲ್ಲಿರುವ ಆ ಊರಲ್ಲೇ ಕ್ರಿಸ್ಪಸ್ ಯುವರಾಜನಾಗಿ ಆಳುತ್ತಿದ್ದ. ಅಂದರೆ ಮಲಮಗನ ಊರಲ್ಲಿ ಹೊಡೆದ ಮಲತಾಯಿಯ ನಾಣ್ಯ! ಅದನ್ನು ಓದಿದಾಗ ಕೈ ನಡುಗಿತು.

ಕೊಳ್ಳುವ ಮುಂಚೆ ಅಂಚು ನೋಡಿದೆ. ಅಚ್ಚಿಗೆ ಲೋಹ ಹೊಯ್ದು ಮಾಡಿದ ನಕಲಿಯಲ್ಲಿ ಅಂಚಿನ ಸುತ್ತ ಜೋಡಣೆಯ ಗೆರೆ ಕಾಣಬಹುದು. ಇದರಲ್ಲಿ ಇರಲಿಲ್ಲ. ಹಸಿರು ಪುಡಿ ಉದುರುತ್ತಿದೆಯಾ ಅಂತಲೂ ನೋಡಬೇಕು, ಅದು ಕಂಚಿಗೆ ತಗಲುವ ರೋಗ. ಯಾರ ಸಂಗ್ರಹದಿಂದ ಬಂತು ಅಂತ ಕೇಳಿದೆ. ವ್ಯಾಪಾರಿ ಹಳೆಯ ಮಾಲೀಕರ ಕೈಬರಹದ ಚೀಟಿ ತೋರಿಸಿದರು. ಅದನ್ನೂ ಇಸಕೊಂಡೆ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ನಾಣ್ಯ ನನಗೆ ಬೇಡ. ಮಣ್ಣಿಂದ ಕದ್ದು ತೆಗೆದರೆ ಅದರ ಅರ್ಧ ಕಥೆ ಅಲ್ಲೇ ಸತ್ತುಹೋಗುತ್ತದೆ.

ಮನೆಗೆ ಬಂದು ಟ್ರೇ ತೆಗೆದೆ. ನಾನು ಟಂಕಸಾಲೆ, ವರ್ಷದ ಪ್ರಕಾರ ಜೋಡಿಸುವವನು. ಹಾಗಾಗಿ ಟ್ರಿಯರ್‌ನ ಕ್ರಿಸ್ಪಸ್ ಪಕ್ಕದ ಗುಂಡಿಯಲ್ಲಿ ಫೌಸ್ಟಾಳನ್ನು ಇಟ್ಟೆ.

“ಅವನ ಪಕ್ಕ ಬೇಡ ಕಣೋ,” ಅಂದಳು ಅಮ್ಮ. “ಮಕ್ಕಳ ಹತ್ತಿರ ಇಡು.”

“ಅಮ್ಮ, ಆ ಮಕ್ಕಳೇನು ಕಮ್ಮಿನಾ? ಅಪ್ಪ ಸತ್ತ ವರ್ಷವೇ, 337ರಲ್ಲಿ, ದಾಯಾದಿಗಳಲ್ಲಿ ಹೆಚ್ಚಿನವರು ಕೊಲೆಯಾದರು. 340ರಲ್ಲಿ ಅಣ್ಣ ತಮ್ಮನ ಮೇಲೆ ದಂಡೆತ್ತಿ ಹೋಗಿ ಸತ್ತ.”

“ಇರಲಿ ಬಿಡು. ಅವಳಿಗೆ ಅದೆಲ್ಲ ಗೊತ್ತಿಲ್ಲವಲ್ಲ.”

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನಾಣ್ಯವನ್ನು ಮಕ್ಕಳ ಸಾಲಿಗೆ ಸರಿಸಿದೆ. ಇನ್ನು 337ರಲ್ಲಿ ಸತ್ತವರಲ್ಲಿ ಡಾಲ್ಮೇಶಿಯಸ್, ಹ್ಯಾನಿಬಾಲಿಯಾನಸ್ ಎಂಬ ಅಣ್ಣತಮ್ಮಂದಿರು ಬಾಕಿ. ಇಬ್ಬರೂ ಕಾನ್‌ಸ್ಟಂಟೈನನ ತಮ್ಮನ ಮಕ್ಕಳು. ಎರಡನೆಯವನ ನಾಣ್ಯ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಮಾತ್ರ ಹೊಡೆದದ್ದು, ಹಿಂಬದಿಯಲ್ಲಿ ಒರಗಿ ಕೂತ ನದಿದೇವತೆ ಇರುತ್ತಾನೆ. ಅದು ತುಂಬಾ ದುಬಾರಿ. ಈಗಿಂದಲೇ ದುಡ್ಡು ಎತ್ತಿಡುತ್ತಿದ್ದೇನೆ.